ಮಾಸಾಶನ ಭಿಕ್ಷೆಯಲ್ಲ, ಖರ್ಚಿನ ಲೆಕ್ಕ

'ಅನರ್ಹರನ್ನು ಪಟ್ಟಿಯಿಂದ ಕೈಬಿಡಲಾಗುವುದು.' ಸಾಮಾಜಿಕ ಭದ್ರತಾ ಪಿಂಚಣಿಗಳ ಕುರಿತ ಸರ್ಕಾರಿ ಹೇಳಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ವಾಕ್ಯವಿದು. ಬೆಳಗಿನ ಕಾಫಿಯ ಜೊತೆ ಇದನ್ನು ಓದುವ ವಿದ್ಯಾವಂತರಿಗೆ ಇದರಲ್ಲಿ ಆಕ್ಷೇಪಾರ್ಹವಾದುದೇನೂ ಕಾಣುವುದಿಲ್ಲ. ಸರ್ಕಾರದ ಹಣ ಅರ್ಹರಿಗಷ್ಟೇ ಸಲ್ಲಬೇಕು ಎಂಬುದನ್ನು ಯಾರು ತಾನೇ ಅಲ್ಲಗಳೆದಾರು? ಆದರೆ ಅದೇ ವಾಕ್ಯ ವಿರಾಜಪೇಟೆ ತಾಲ್ಲೂಕಿನ ಅಮ್ಮತ್ತಿಯ ಕಾಫಿ ತೋಟಗಳ ಲೈನ್ ಮನೆಗಳನ್ನು ಮುಟ್ಟುವ ಹೊತ್ತಿಗೆ ಬೇರೆಯದೇ ಅರ್ಥ ಪಡೆದುಕೊಂಡಿರುತ್ತದೆ. 'ಮುಂದಿನ ತಿಂಗಳು ನಮ್ಮ ದುಡ್ಡು ಬರುತ್ತದೆಯೋ ಇಲ್ಲವೋ' ಎಂಬುದೇ ಆ ಅರ್ಥ.

ಬಾಲ್ಯದಲ್ಲಿ ಬಂದ ಪೋಲಿಯೊದಿಂದ ನನ್ನ ಬಲಗಾಲು ಶಕ್ತಿ ಕಳೆದುಕೊಂಡಿದೆ. ಉದ್ಯೋಗವಿದ್ದುದರಿಂದ ಮಾಸಾಶನಕ್ಕೆ ಅರ್ಜಿ ಹಾಕುವ ಪ್ರಸಂಗ ನನಗೆ ಬರಲಿಲ್ಲ. ಆದರೂ, ಅಥವಾ ಆ ಕಾರಣಕ್ಕಾಗಿಯೇ, ನಿವೃತ್ತಿಯ ನಂತರ ಸುತ್ತಮುತ್ತಲಿನ ಅಂಗವಿಕಲರು ತಮ್ಮ ಕಾಗದಪತ್ರ ಹಿಡಿದು ನನ್ನ ಬಳಿ ಬರುತ್ತಾರೆ. ಅವರ ಪ್ರಶ್ನೆಗಳಲ್ಲಿ ದುರಾಸೆ ಇರುವುದಿಲ್ಲ, ಭಯವಿರುತ್ತದೆ.

ಈ ಭಯ ನಿರಾಧಾರವೆಂದು ಹೇಳುವಂತಿಲ್ಲ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಪಡಿತರ ಚೀಟಿಗಳ ಪರಿಷ್ಕರಣೆ ನಡೆದಾಗ ಎದ್ದ ಗದ್ದಲ ನೆನಪಿರಬಹುದು. ಅರ್ಹರ ಚೀಟಿಗಳೂ ರದ್ದಾದವೆಂಬ ದೂರು ವ್ಯಾಪಕವಾದ ಮೇಲೆ, ಅವನ್ನು ಮರಳಿಸುವುದಾಗಿ ಸರ್ಕಾರವೇ ಹೇಳಬೇಕಾಯಿತು. ಮಾಸಾಶನವೂ ಕುಟುಂಬದ ಆದಾಯ ಮಿತಿಗೆ ಕಟ್ಟುಬಿದ್ದಿದೆ. ಮನೆಯಲ್ಲಿ ಮಗ ಕೆಲಸಕ್ಕೆ ಸೇರಿದರೆ ತಾಯಿಯ ಕುರುಡುತನ ವಾಸಿಯಾಗುವುದಿಲ್ಲ. ಆದರೆ ಆಕೆಯ ಮಾಸಾಶನದ ಅರ್ಹತೆ ಮಾತ್ರ ಪ್ರಶ್ನಾರ್ಹವಾಗುತ್ತದೆ. ಇದರ ಜೊತೆಗೆ ಆಧಾರ್ ಜೋಡಣೆ, ಬ್ಯಾಂಕ್ ಖಾತೆಯ ಮರುದೃಢೀಕರಣ. ವರ್ಷಗಟ್ಟಲೆ ಕಾಫಿ ಕೊಯ್ದು, ಕಳೆ ಕಿತ್ತು ಸವೆದ ಹೆಬ್ಬೆರಳಿನ ಗುರುತನ್ನು ಯಂತ್ರ ಒಪ್ಪದಿದ್ದರೆ ಅದು ಯಾರ ತಪ್ಪು?

ಹೀಗೆ ಕಳೆದುಹೋದೀತೆಂದು ಹೆದರುವ ಮೊತ್ತವಾದರೂ ಎಷ್ಟು? 2009ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯಡಿ ಕೇಂದ್ರ ಸರ್ಕಾರದ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿಗೆ ಏರಿತು. ಒಂದು ದಶಕ ಕಳೆದರೂ ಆ ಅಂಕಿ ಅಲ್ಲಿಯೇ ಉಳಿಯಿತು. ಅದೂ ಬಡತನ ರೇಖೆಗಿಂತ ಕೆಳಗಿದ್ದು, ಶೇಕಡ 80ರಷ್ಟು ವೈಕಲ್ಯವಿದ್ದವರಿಗೆ ಮಾತ್ರ. 2012ನ್ನು 100 ಎಂದು ಇಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕ 2025ರಲ್ಲಿ 195ರ ಆಸುಪಾಸಿಗೆ ಬಂದಿತ್ತು. ಎಂದರೆ ಅಂದಿನ 300 ರೂಪಾಯಿಯ ಬೆಲೆ ಉಳಿಸಿಕೊಳ್ಳಲು ಸುಮಾರು 585 ರೂಪಾಯಿ ಬೇಕಿತ್ತು. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆ ಆರು ತಿಂಗಳಿಗೊಮ್ಮೆ ಪರಿಷ್ಕರಣೆಯಾಗುತ್ತದೆ. ಅದು ತಪ್ಪೆಂದು ನಾನು ಹೇಳಲಾರೆ. ಬೆಲೆ ಏರಿಕೆಯ ಬಿಸಿ ನೌಕರನಿಗೆ ಆರು ತಿಂಗಳಲ್ಲಿ ತಟ್ಟುತ್ತದೆ, ಅಂಗವಿಕಲನಿಗೆ ಹತ್ತು ವರ್ಷವಾದರೂ ತಟ್ಟುವುದಿಲ್ಲ ಎಂಬ ತರ್ಕ ಮಾತ್ರ ನನಗೆ ಅರ್ಥವಾಗುವುದಿಲ್ಲ.

ರಾಜ್ಯ ಸರ್ಕಾರ ತನ್ನ ಪಾಲನ್ನು ಸೇರಿಸುತ್ತದೆ, ಕಡಿಮೆ ವೈಕಲ್ಯದವರನ್ನೂ ಒಳಗೊಳ್ಳುತ್ತದೆ ಎಂಬುದನ್ನು ಮೆಚ್ಚಬೇಕು. 2021ರ ಜುಲೈನಲ್ಲಿ ಶೇಕಡ 40ರಿಂದ 75ರವರೆಗಿನ ವೈಕಲ್ಯಕ್ಕೆ ಮಾಸಾಶನವನ್ನು 600ರಿಂದ 800 ರೂಪಾಯಿಗೆ ಏರಿಸಲಾಯಿತು. ಅದೇ ಸಂದರ್ಭದಲ್ಲಿ ವೃದ್ಧರ ಸಂಧ್ಯಾ ಸುರಕ್ಷಾ ಯೋಜನೆಯ ಮೊತ್ತ 1,000ದಿಂದ 1,200ಕ್ಕೆ ಏರಿತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಸಂಸತ್ತು ಅಂಗೀಕರಿಸಿದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಕಲಮನ್ನು ಓದಬೇಕು. ಸಾಮಾಜಿಕ ಭದ್ರತಾ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ನೆರವು, ಇತರರಿಗೆ ಇರುವ ಅದೇ ಬಗೆಯ ಯೋಜನೆಗಳ ನೆರವಿಗಿಂತ ಕನಿಷ್ಠ ಶೇಕಡ 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ ಅದು. ವೃದ್ಧರಿಗೆ 1,200 ಎಂದಾದರೆ ಅಂಗವಿಕಲರಿಗೆ 1,500 ಆಗಬೇಕಿತ್ತು. ಆದದ್ದು 800. ಕಾನೂನು ಹೆಚ್ಚು ಕೊಡು ಎನ್ನುತ್ತದೆ. ಖಜಾನೆ ಮೂರನೇ ಒಂದು ಭಾಗ ಕಡಿಮೆ ಕೊಡುತ್ತದೆ.

ಕಾನೂನು ಹೆಚ್ಚು ಕೊಡು ಎಂದದ್ದು ಕನಿಕರದಿಂದಲ್ಲ. ಅಂಗವಿಕಲನ ಬದುಕು ಇತರರ ಬದುಕಿಗಿಂತ ದುಬಾರಿ ಎಂಬ ಸರಳ ಸತ್ಯ ಅದರ ಹಿಂದಿದೆ. ಅಮ್ಮತ್ತಿಯನ್ನೇ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಕಾಲಿನ ಕ್ಯಾಲಿಪರ್‌ನ ಚರ್ಮದ ಪಟ್ಟಿ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ದುರಸ್ತಿಗೆ ದೂರದ ಪಟ್ಟಣಕ್ಕೇ ಹೋಗಬೇಕು. ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಅಂಗವಿಕಲರಿಗೆ ರಿಯಾಯಿತಿ ಪಾಸು ಉಂಟು. ಆದರೆ ನಮ್ಮ ಒಳದಾರಿಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಸಿದ್ದಾಪುರ–ಅಮ್ಮತ್ತಿಯ ತೋಟಗಳಲ್ಲಿ ಕಾಡಾನೆಗಳ ಸಂಚಾರ ಈಗ ಸುದ್ದಿಯೇ ಅಲ್ಲ. ಸಂಜೆ ಕವಿದ ಮೇಲೆ ಕಾಲಿದ್ದವರು ಗುಂಪಾಗಿ ನಡೆದು ಮನೆ ಸೇರುತ್ತಾರೆ, ಆನೆ ಕಂಡರೆ ಓಡುತ್ತಾರೆ. ಓಡಲಾಗದವನು ಆಟೊ ಹಿಡಿಯಬೇಕು. ಆ ಬಾಡಿಗೆ ಅವನಿಗೆ ಐಷಾರಾಮವಲ್ಲ, ಜೀವದ ಬೆಲೆ.

2025ರ ಜನವರಿಯಲ್ಲಿ ಸಾರಿಗೆ ಸಂಸ್ಥೆಗಳ ಬಸ್ ದರ ಶೇಕಡ 15ರಷ್ಟು ಏರಿತು. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ತುಟ್ಟಿಯಾಯಿತು. ರೊಬಸ್ಟಾ ಕಾಫಿಗೆ ದಾಖಲೆಯ ಬೆಲೆ ಬಂದ ಕಾಲವೂ ಅದೇ. ದೇಶದ ಕಾಫಿಯ ಸುಮಾರು ಮೂರನೇ ಒಂದು ಭಾಗವನ್ನು ಬೆಳೆಯುವ ಕೊಡಗಿನ ಬೆಳೆಗಾರರು ಬಹುಕಾಲದ ನಂತರ ನೆಮ್ಮದಿಯ ಮುಖ ಕಂಡರು. ಕಾಫಿಯ ಬೆಲೆ ಲಂಡನ್ ಮಾರುಕಟ್ಟೆಯೊಡನೆ ಏರಿ ಇಳಿಯುತ್ತದೆ, ಹಾಲಿನ ಬೆಲೆ ಏರುತ್ತಲೇ ಇರುತ್ತದೆ. ಮಾಸಾಶನ ಮಾತ್ರ ಯಾವ ಮಾರುಕಟ್ಟೆಗೂ ಸಂಬಂಧವಿಲ್ಲದಂತೆ ನಿಂತಲ್ಲೇ ನಿಂತಿರುತ್ತದೆ.

ಅಂಗವಿಕಲರ ಈ ಹೆಚ್ಚುವರಿ ಖರ್ಚು ಪ್ರಭುತ್ವಕ್ಕೆ ತಿಳಿದಿಲ್ಲವೆಂದಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಯು ಕಲಮು ಅಂಗವಿಕಲ ತೆರಿಗೆದಾರನಿಗೆ 75,000 ರೂಪಾಯಿಯ, ತೀವ್ರ ವೈಕಲ್ಯವಿದ್ದರೆ 1,25,000 ರೂಪಾಯಿಯ ಕಡಿತವನ್ನು ಒದಗಿಸಿತು. ನೌಕರಿಯಲ್ಲಿದ್ದಾಗ ಈ ಕಲಮಿನ ಪ್ರಯೋಜನ ಪಡೆದವರಲ್ಲಿ ನಾನೂ ಒಬ್ಬ. ನನ್ನ ಖರ್ಚಿನ ರಸೀದಿಗಳನ್ನು ಯಾರೂ ಕೇಳಲಿಲ್ಲ. ಕುಟುಂಬದಲ್ಲಿ ಬೇರೆ ಯಾರು ದುಡಿಯುತ್ತಾರೆಂದೂ ವಿಚಾರಿಸಲಿಲ್ಲ. ಶೇಕಡ 20ರ ತೆರಿಗೆ ಹಂತದಲ್ಲಿರುವವನಿಗೆ 75,000ದ ಕಡಿತದಿಂದ ವರ್ಷಕ್ಕೆ ಉಳಿಯುವುದು 15,000 ರೂಪಾಯಿ. ತಿಂಗಳಿಗೆ 800ರಂತೆ ಕಾಫಿ ತೋಟದ ಕಾರ್ಮಿಕಳಿಗೆ ವರ್ಷಕ್ಕೆ ಸಿಗುವುದು 9,600. ನನಗೆ ಸಿಕ್ಕಿದ್ದು ಹಕ್ಕು, ಅವಳಿಗೆ ಸಿಕ್ಕಿದ್ದು ದಾನ! ಒಂದೇ ಬಗೆಯ ವೈಕಲ್ಯಕ್ಕೆ ಸಿರಿತನದಲ್ಲಿ ಹೆಚ್ಚು, ಬಡತನದಲ್ಲಿ ಕಡಿಮೆ ಎಂಬ ಈ ನ್ಯಾಯವನ್ನು ಯಾರು ಸಮರ್ಥಿಸಿಯಾರು?

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೆನ್ ಈ ಮಾತನ್ನು ಬಹಳ ಹಿಂದೆಯೇ ಎತ್ತಿದ್ದಾರೆ. ಅಂಗವಿಕಲನಿಗೆ ದುಡಿಯುವುದೂ ಕಷ್ಟ, ದುಡಿದ ಹಣವನ್ನು ಬದುಕಾಗಿ ಪರಿವರ್ತಿಸುವುದು ಇನ್ನೂ ಕಷ್ಟ. ಆದ್ದರಿಂದ ಆದಾಯವೊಂದನ್ನೇ ಅಳೆದರೆ ಅವನ ಬಡತನ ಪೂರ್ತಿ ಕಾಣುವುದಿಲ್ಲ ಎಂಬುದು ಅವರ ವಾದ. ಬ್ರಿಟನ್ನಿನಲ್ಲಿ ಅಂಗವಿಕಲರ ಹೆಚ್ಚುವರಿ ವೆಚ್ಚಕ್ಕೆಂದೇ ಇರುವ ಭತ್ಯೆಗೆ ಆದಾಯ ಮಿತಿ ಇಲ್ಲ. 2025ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ಅದರ ನಿಯಮಗಳನ್ನು ಬಿಗಿಗೊಳಿಸಲು ಹೊರಟಾಗ ಆಳುವ ಪಕ್ಷದ ಸಂಸದರೇ ಬಂಡೆದ್ದರು. ಜುಲೈನಲ್ಲಿ ಆ ಪ್ರಸ್ತಾಪವನ್ನು ಮಸೂದೆಯಿಂದ ಕೈಬಿಡಬೇಕಾಯಿತು. ಅವರ ಸಿರಿವಂತಿಕೆ ನಮಗಿಲ್ಲ, ನಿಜ. ಆದರೆ ಈ ವಿಷಯಕ್ಕೆ ಸದನದಲ್ಲಿ ಎದ್ದು ನಿಲ್ಲಲು ಸಿರಿವಂತಿಕೆ ಬೇಕಿಲ್ಲ.

ನಕಲಿ ಪ್ರಮಾಣಪತ್ರಗಳಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇವೆ. ಅವನ್ನು ಪತ್ತೆ ಹಚ್ಚಲೇಬೇಕು. ಅವುಗಳಿಂದ ಮೊದಲು ಹಾನಿಗೊಳ್ಳುವವರು ನಿಜವಾದ ಅಂಗವಿಕಲರೇ. ಆದರೆ ಸಂಶಯವಿದ್ದವನನ್ನು ಕರೆಸಿ ವಿಚಾರಿಸುವುದು ಬೇರೆ, ಎಲ್ಲರ ಹಣವನ್ನೂ ತಡೆದು ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುವುದು ಬೇರೆ. ಬದಲಾಗುವ ಸಾಧ್ಯತೆಯಿಲ್ಲದ ವೈಕಲ್ಯಕ್ಕೆ ಶಾಶ್ವತ ಪ್ರಮಾಣಪತ್ರ ನೀಡಲು ನಿಯಮಗಳಲ್ಲೇ ಅವಕಾಶವಿದೆ. ಹಾಗಿರುವಾಗ ಹುಟ್ಟು ಕುರುಡರು ತಮ್ಮ ಕುರುಡುತನವನ್ನು ಮಡಿಕೇರಿಯವರೆಗೆ ಹೊತ್ತುಕೊಂಡು ಹೋಗಿ ಎಷ್ಟು ಬಾರಿ ತೋರಿಸಬೇಕು?

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13.24 ಲಕ್ಷ. ಅವರ ಪರವಾಗಿ ಕೇಳಬೇಕಾದದ್ದು ಹೊಸ ಯೋಜನೆಯನ್ನಲ್ಲ, ಇರುವ ಕಾನೂನಿನ ಪಾಲನೆಯನ್ನು. 24ನೇ ಕಲಮಿನ ಶೇಕಡ 25ರ ಹೆಚ್ಚಳ ಮುಂಗಡಪತ್ರದಲ್ಲಿ ಕಾಣಬೇಕು. ಮೊತ್ತ ಬೆಲೆ ಸೂಚ್ಯಂಕದೊಡನೆ ವರ್ಷಕ್ಕೊಮ್ಮೆ ತಾನಾಗಿ ಏರಬೇಕು. ಆದಾಯ ಮಿತಿ ವಿಧಿಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಆದರೆ ಮಿತಿಯನ್ನು ಅಳೆಯುವಾಗ, ತೆರಿಗೆದಾರನಿಗೆ ಮಾಡಿದಂತೆ, ವೈಕಲ್ಯದ ಖರ್ಚನ್ನು ಮೊದಲು ಕಳೆಯಬೇಕು. ಮತ್ತು ಯಾರ ಮಾಸಾಶನವನ್ನೇ ಆಗಲಿ, ಲಿಖಿತ ಕಾರಣ ಕೊಟ್ಟು ಅವರ ಮಾತು ಕೇಳುವ ಮುನ್ನ ನಿಲ್ಲಿಸಬಾರದು.

ಇದಿಷ್ಟೂ ಆದರೆ ಸರ್ಕಾರದ ಬೊಕ್ಕಸಕ್ಕೆ ಹೊರೆಯಾಗದೇ? ಆಗುತ್ತದೆ. ಆ ಹೊರೆಯನ್ನು ಈಗಲೂ ಹೊರುತ್ತಲೇ ಇದ್ದಾರೆ. ಲೈನ್ ಮನೆಯ ತಾಯಂದಿರು, ಓದು ಬಿಟ್ಟ ತಂಗಿಯರು, ಮುಪ್ಪಾದ ತಂದೆಯರು. ಪ್ರಶ್ನೆ ಇರುವುದು ಹೊರೆ ಇರಬೇಕೇ ಬೇಡವೇ ಎಂಬುದಲ್ಲ. ಅದನ್ನು ಹೊರಲು ಎಲ್ಲರಿಗಿಂತ ಅಶಕ್ತರಾದವರ ಹೆಗಲ ಮೇಲೆಯೇ ಬಿಟ್ಟುಬಿಡಬೇಕೇ ಎಂಬುದು.