ವಾರಕ್ಕೊಂದು ಆಟ, ಕೈಗೊಂದು ವಿದ್ಯೆ



ಮೊಬೈಲಿನಲ್ಲಿ ಆಟವಾಡುವ ಮಕ್ಕಳನ್ನು ಗದರಿಸದ ಮನೆ ಇಂದು ಮುಂಬಯಿಯಲ್ಲಿ ಸಿಗಲಾರದು. ಗದರಿಸುವುದು ಹಿರಿಯರ ಧರ್ಮ. ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಆಟ ಆಡುವುದು ಬೇರೆ, ಆಟ ಕಟ್ಟುವುದು ಬೇರೆ. ಒಂದರಲ್ಲಿ ಹೊತ್ತು ಹೋಗುತ್ತದೆ, ಇನ್ನೊಂದರಲ್ಲಿ ವಿದ್ಯೆ ಬರುತ್ತದೆ. ಈ ಎರಡನೆಯದರ ಕುರಿತು ನಮ್ಮ ಹೋಟೆಲ್ ಮತ್ತು ಗಿರಣಿ ಕಾರ್ಮಿಕ ಬಂಧುಗಳೊಡನೆ ನಾಲ್ಕು ಮಾತು ಆಡಬೇಕಾಗಿದೆ. ಏಕೆಂದರೆ ಇದರಲ್ಲಿ ನಮ್ಮ ದುಡ್ಡೂ ಇದೆ, ನಮ್ಮ ಮಕ್ಕಳ ನಾಳೆಯೂ ಇದೆ.

ಕಂಪ್ಯೂಟರ್ ಆಟಗಳ ಪ್ರೋಗ್ರಾಮಿಂಗ್ ಕಲಿಸುತ್ತೇವೆಂದು ಬೋರ್ಡು ಹಾಕಿಕೊಂಡ ತರಬೇತಿ ಕೇಂದ್ರಗಳು ನಗರದಲ್ಲಿ ಅಲ್ಲಲ್ಲಿ ಎದ್ದಿವೆ. ಎಲ್ಲವೂ ಕೆಟ್ಟವೆಂದು ನಾವು ಹೇಳುವುದಿಲ್ಲ. ಆದರೆ ತಂದೆ ಚೀಟಿ ಎತ್ತಿ, ತಾಯಿ ಬಳೆ ಅಡವಿಟ್ಟು ಫೀಸು ಕಟ್ಟಿದ ಹುಡುಗನು ಕೊನೆಗೆ ಬಣ್ಣದ ಸರ್ಟಿಫಿಕೇಟು ಹಿಡಿದುಕೊಂಡು ಬರುತ್ತಾನೆ. “ನೀನೇ ಮಾಡಿದ ಒಂದು ಆಟ ತೋರಿಸು ಮಗಾ” ಎಂದರೆ ತಲೆ ತಗ್ಗಿಸುತ್ತಾನೆ. ಟಿಪ್ಪಣಿ ಬರೆದುಕೊಂಡದ್ದುಂಟು, ಮಾಸ್ತರರು ಪರದೆಯ ಮೇಲೆ ಮಾಡಿ ತೋರಿಸಿದ್ದನ್ನು ನೋಡಿದ್ದುಂಟು. ತಾನಾಗಿ ಒಂದನ್ನೂ ಮುಗಿಸಿದ್ದಿಲ್ಲ. ಇದು ಹುಡುಗನ ದೋಷವಲ್ಲ, ಕಲಿಸುವ ಕ್ರಮದ ದೋಷ.

ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾದ ಕಾರಣವಿಲ್ಲ. ದೋಸೆ ಹುಯ್ಯುವುದನ್ನು ಪುಸ್ತಕ ಓದಿ ಕಲಿತವರು ನಮ್ಮಲ್ಲಿ ಯಾರಿದ್ದಾರೆ? ಊರಿನಿಂದ ಬಂದ ಹುಡುಗ ಮೊದಲು ಕ್ಲೀನರ್ ಆದ, ಆಮೇಲೆ ಸಪ್ಲೈಯರ್ ಆದ, ಅಡುಗೆ ಭಟ್ಟರ ಬಗಲಲ್ಲಿ ನಿಂತು ಕೊನೆಗೆ ಸೌಟು ಹಿಡಿದ. ಮೊದಲ ದೋಸೆ ಕಾವಲಿಗೆ ಅಂಟಿತು, ಹತ್ತನೆಯದು ಹರಿಯಿತು, ನೂರನೆಯದು ಗಿರಾಕಿಯ ತಟ್ಟೆಗೆ ಹೋಯಿತು. ಗಿರಣಿಯಲ್ಲಿಯೂ ಹಾಗೆಯೇ. ಬದಲಿಯಾಗಿ ಸೇರಿದವನು ಕಡಿದ ನೂಲಿಗೆ ಗಂಟು ಹಾಕುತ್ತ ಹಾಕುತ್ತಲೇ ಮಗ್ಗದ ಮರ್ಮ ತಿಳಿದ. ಸಣ್ಣ ಕೆಲಸ, ಪೂರ್ತಿ ಕೆಲಸ, ಮತ್ತೆ ಮತ್ತೆ ಕೆಲಸ: ಕೈವಿದ್ಯೆಗೆ ಇದಲ್ಲದೆ ಬೇರೆ ದಾರಿಯಿಲ್ಲ.

ಆಟಗಳ ಪ್ರೋಗ್ರಾಮಿಂಗಿಗೂ ಇದೇ ದಾರಿ ಎಂಬುದನ್ನು ಅಮೆರಿಕದ ಕೆಲವು ವಿದ್ಯಾರ್ಥಿಗಳು ಮಾಡಿ ತೋರಿಸಿದ್ದಾರೆ. ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ನಾಲ್ವರು ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದು ಪ್ರಯೋಗಕ್ಕೆ ಕೈಹಾಕಿದರು. ಅದಕ್ಕೆ ಅವರು ಹಾಕಿಕೊಂಡ ಕಟ್ಟಳೆಗಳು ಮೂರೇ. ಪ್ರತಿ ಆಟವನ್ನೂ ಏಳು ದಿನಗಳೊಳಗೆ ಮುಗಿಸಬೇಕು. ಪ್ರತಿ ಆಟವನ್ನೂ ಒಬ್ಬನೇ ಮಾಡಬೇಕು. ಎಲ್ಲರೂ ಒಂದೇ ವಿಷಯವನ್ನು ಹಿಡಿಯಬೇಕು: ಒಮ್ಮೆ ಗುರುತ್ವಾಕರ್ಷಣೆ, ಒಮ್ಮೆ ಗಿಡಬಳ್ಳಿ, ಒಮ್ಮೆ ಹಿಂಡು, ಹೀಗೆ. ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಐವತ್ತಕ್ಕೂ ಹೆಚ್ಚು ಆಟಗಳು ಸಿದ್ಧವಾಗಿದ್ದವು.

ಐವತ್ತೂ ಚೆನ್ನಾಗಿದ್ದವೆಂದು ಯಾರೂ ಭಾವಿಸಬೇಕಾಗಿಲ್ಲ. ಕೆಟ್ಟವೂ ಇದ್ದವು, ಕೆಟ್ಟುಹೋದವೂ ಇದ್ದವು. ಆದರೆ ಒಂದು ವಾರದ ಆಟ ಕೆಟ್ಟರೆ ಹೋಗುವುದು ಒಂದೇ ವಾರ. ಮರು ಸೋಮವಾರ ಹೊಸ ವಿಷಯ, ಹೊಸ ಧೈರ್ಯ. ಹೆಚ್ಚು ಕಾಲ ಕೊಟ್ಟ ಮಾತ್ರಕ್ಕೆ ಗುಣ ಹೆಚ್ಚುವುದಿಲ್ಲ ಎಂದು ಆ ವಿದ್ಯಾರ್ಥಿಗಳೇ ಆಮೇಲೆ ತಮ್ಮ ಅನುಭವವನ್ನು ಬರೆದರು. ಅವರಲ್ಲೊಬ್ಬನಾದ ಕೈಲ್ ಗ್ಯಾಬ್ಲರ್ ಅಂಟಂಟಾದ ಉಂಡೆಗಳನ್ನು ಒಂದಕ್ಕೊಂದು ಜೋಡಿಸಿ ಗೋಪುರ ಕಟ್ಟುವ ಪುಟ್ಟ ಆಟವೊಂದನ್ನು ಮಾಡಿದ್ದ. ಅದರ ಹೆಸರು ‘ಟವರ್ ಆಫ್ ಗೂ’. ಅದೇ ಬೀಜ ಮುಂದೆ ಮರವಾಯಿತು. ರಾನ್ ಕಾರ್ಮೆಲ್ ಎಂಬ ಗೆಳೆಯನೊಡನೆ ಸೇರಿ ಅವನು ನಡೆಸಿದ ಸಣ್ಣ ಸಂಸ್ಥೆಯಿಂದ 2008ರಲ್ಲಿ ‘ವರ್ಲ್ಡ್ ಆಫ್ ಗೂ’ ಹೊರಬಂದು ಜಗತ್ತಿನಲ್ಲೆಲ್ಲ ಹೆಸರಾಯಿತು. ಫಿನ್ಲೆಂಡಿನ ಪೆಟ್ರಿ ಪುರ್ಹೊ ಎಂಬ ಯುವಕ ಇದೇ ಏಳು ದಿನಗಳ ಕಟ್ಟಳೆಯನ್ನು ಹಿಡಿದು ತಿಂಗಳಿಗೊಂದು ಆಟ ಮಾಡುತ್ತ ಬಂದ. ಅವುಗಳಲ್ಲೊಂದನ್ನು ಬೆಳೆಸಿ ಮಾಡಿದ ‘ಕ್ರೇಯಾನ್ ಫಿಸಿಕ್ಸ್ ಡಿಲಕ್ಸ್’ 2008ರಲ್ಲಿ ಸ್ವತಂತ್ರ ಆಟಗಾರಿಕೆಯ ದೊಡ್ಡ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಪಡೆಯಿತು.

ಆಟದ ಪ್ರೋಗ್ರಾಮ್ ಎಂದರೆ ಏನು ಎಂದು ಹಿರಿಯರು ಕೇಳಬಹುದು. ಅದೇನೂ ಮಾಯಾಮಂತ್ರವಲ್ಲ. ಹೋಟೆಲಿನಲ್ಲಿ ಸಪ್ಲೈಯರ್ ಆರ್ಡರ್ ತರುತ್ತಾನೆ; ಒಳಗೆ ಅಡುಗೆಯವರು ಅದರಂತೆ ತಯಾರಿಸುತ್ತಾರೆ; ತಟ್ಟೆ ಮೇಜಿಗೆ ಬರುತ್ತದೆ; ಮತ್ತೆ ಸಪ್ಲೈಯರ್ ಆರ್ಡರಿಗೆ ಹೊರಡುತ್ತಾನೆ. ಆಟದೊಳಗೂ ಇದೇ ಸುತ್ತು. ಆಡುವವನು ಯಾವ ಗುಂಡಿ ಒತ್ತಿದನೆಂದು ನೋಡು. ಅದರಂತೆ ಚೆಂಡನ್ನೋ ಬೊಂಬೆಯನ್ನೋ ಸರಿಸು, ತಾಗಿತೇ ಇಲ್ಲವೇ ಎಂದು ಲೆಕ್ಕ ಮಾಡು. ಪರದೆಯ ಮೇಲೆ ಚಿತ್ರ ಬರೆ. ಮತ್ತೆ ಮೊದಲಿಗೆ ಬಾ. ಈ ಸುತ್ತು ಸೆಕೆಂಡಿಗೆ ಸುಮಾರು 60 ಸಲ ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಗಿರಣಿಯ ಬಂಧುಗಳಿಗಂತೂ ಇದು ಪರಕೀಯ ವಿದ್ಯೆಯೇ ಅಲ್ಲ. ಫ್ರಾನ್ಸಿನ ಜಕಾರ್ಡ್ ಎಂಬಾತ 1804ರಲ್ಲಿ ರೂಪಿಸಿದ ಮಗ್ಗದಲ್ಲಿ ತೂತು ಹೊಡೆದ ಕಾರ್ಡುಗಳ ಸಾಲು ಯಾವ ನೂಲು ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಅಪ್ಪಣೆ ಕೊಡುತ್ತಿತ್ತು. ಇಂಗ್ಲೆಂಡಿನ ಬ್ಯಾಬೇಜ್ ಎಂಬ ಗಣಿತಜ್ಞ ತನ್ನ ಲೆಕ್ಕದ ಯಂತ್ರಕ್ಕೆ ಈ ಕಾರ್ಡಿನ ಉಪಾಯವನ್ನೇ ತೆಗೆದುಕೊಂಡ. ಮಗ್ಗದ ಮನೆಯಿಂದ ಹೊರಟ ಯುಕ್ತಿ ಕಂಪ್ಯೂಟರಿನ ಮನೆಗೆ ಹೋಯಿತು. ನೇಕಾರನ ಮೊಮ್ಮಗ ಅದನ್ನು ಕಲಿತರೆ ಮನೆಯ ಸೊತ್ತು ಮನೆಗೇ ಬಂದಂತೆ.

ಇನ್ನು ಕ್ರಮದ ಮಾತು. ನಮ್ಮ ಸೂಚನೆ ಸರಳವಾಗಿದೆ. ಮೊದಲ ವಾರ ಒಂದು ಚೆಂಡು, ಎರಡು ಹಲಗೆ: 1972ರಲ್ಲಿ ಬಂದ ‘ಪಾಂಗ್’ ಆಟದ ಹಾಗೆ. ಇದರಿಂದ ಚಲನೆ, ವೇಗ, ತಾಗುವಿಕೆ ತಿಳಿಯುತ್ತವೆ. ಎರಡನೆಯ ವಾರ ಮೇಲಿನಿಂದ ಬೀಳುವ ಇಡ್ಲಿಗಳನ್ನು ತಟ್ಟೆಯಲ್ಲಿ ಹಿಡಿಯುವ ಆಟ. ಅಂಕ ಎಣಿಸುವುದೂ, ಆಟ ಮುಗಿಸುವುದೂ, ಹೋಗುತ್ತ ಹೋಗುತ್ತ ಕಠಿಣ ಮಾಡುವುದೂ ಇದರಲ್ಲಿ ಬರುತ್ತವೆ. ಮೂರನೆಯ ವಾರ ಬೆಳೆಯುವ ಹಾವು. ಇದರಲ್ಲಿ ಒಂದರ ಹಿಂದೊಂದು ವಸ್ತುಗಳನ್ನು ಪಟ್ಟಿಯಾಗಿ ಇಟ್ಟುಕೊಳ್ಳುವ ವಿದ್ಯೆಯಿದೆ.

ನಾಲ್ಕನೆಯ ವಾರಕ್ಕೆ ನಮ್ಮ ಚೆನ್ನೆಮಣೆ ಬರಲಿ. ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯ ಎದುರು ಕುಳಿತು ಆಡಿದ ಆಟವನ್ನು ಕರಾವಳಿಯವರು ಮರೆತಿರಲಾರರು. ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿಯಿಂದ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದು ಕಂಪ್ಯೂಟರಿಗೆ ಹೇಳಿ ಮಾಡಿಸಿದ ಕೆಲಸ. ಹದಿನಾಲ್ಕನೆಯದು ಮುಗಿದ ಮೇಲೆ ಮತ್ತೆ ಮೊದಲನೆಯದಕ್ಕೆ ಹೇಗೆ ಬರಬೇಕು? ಮುಂದಿನ ಗುಳಿ ಬರಿದಾಗಿದ್ದರೆ ಏನಾಗಬೇಕು? ಸರದಿ ಯಾರದು? ಹುಡುಗ ಇವನ್ನೆಲ್ಲ ತಪ್ಪಿಲ್ಲದೆ ಬರೆಯಬೇಕು. ಐದನೆಯ ವಾರ ಹುಲಿ ಕುರಿ ಆಟ. ಊರಿಗೊಂದು ನಿಯಮವಿರುವ ಈ ಆಟದಲ್ಲಿ ಯಾವ ನಿಯಮ ಹಿಡಿಯಬೇಕೆಂದು ಮೊದಲೇ ನಿರ್ಧರಿಸಬೇಕಾಗುತ್ತದೆ; ಅದೂ ಒಂದು ಪಾಠವೇ. ಹೀಗೆ ಅಜ್ಜಿಗೆ ಗೊತ್ತಿರುವ ಆಟವನ್ನು ಮೊಮ್ಮಗ ಕಟ್ಟಿದರೆ, ತಪ್ಪು ಹಿಡಿಯಲು ಮನೆಯಲ್ಲೇ ಪರೀಕ್ಷಕರು ಸಿಗುತ್ತಾರೆ. ಆಟದ ಮಾತುಗಳೆಲ್ಲ ಕನ್ನಡದಲ್ಲಿಯೇ ಇರಬಹುದು. ಕನ್ನಡ ಅಕ್ಷರ ಕಂಪ್ಯೂಟರಿನಲ್ಲಿ ಮೂಡುವುದು ಇಂದು ಕಷ್ಟವಲ್ಲ.

ಇದಕ್ಕೆ ಬೇಕಾದ ಸಾಧನಗಳಿಗೆ ಹಣ ತೆರಬೇಕಾಗಿಲ್ಲ. ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು 2007ರಲ್ಲಿ ಹೊರತಂದ ‘ಸ್ಕ್ರ್ಯಾಚ್’ ಮಕ್ಕಳಿಗಾಗಿಯೇ ಇದ್ದು ಉಚಿತವಾಗಿ ಸಿಗುತ್ತದೆ. ಬೆಳೆದ ಹುಡುಗರಿಗೆ ‘ಗೋಡೋ’ ಎಂಬ ತಂತ್ರಾಂಶವಿದೆ. ಅದೂ ಉಚಿತ, ಅದರ ಒಳಗುಟ್ಟೂ ಎಲ್ಲರಿಗೆ ತೆರೆದದ್ದು. ಹಳೆಯ ಕಂಪ್ಯೂಟರಿನಲ್ಲಿ ಸಣ್ಣ ಆಟಗಳನ್ನು ಮಾಡಲು ಇವು ಸಾಕು. ದುಬಾರಿಯಾದದ್ದು ಯಂತ್ರವಲ್ಲ, ಜೊತೆಗೆ ಕುಳಿತು ದಾರಿ ತೋರುವವರು ಮತ್ತು ಗಡುವು ತಪ್ಪಿಸದಂತೆ ನೋಡಿಕೊಳ್ಳುವವರು.

ಆಕ್ಷೇಪಗಳುಂಟು. ಮೊದಲನೆಯದು ಅತ್ಯಂತ ನ್ಯಾಯವಾದದ್ದು: ಮೊಬೈಲ್ ಆಟದ ಹೆಸರಿನಲ್ಲಿ ರಮ್ಮಿ ಆಡಿ ಸಂಬಳ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ. ಹಣವಿಟ್ಟು ಆಡುವ ಇಂಥ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟ್ ತಿಂಗಳಲ್ಲಿ ಕಾಯಿದೆ ಮಾಡಿತು. ಅದನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ ಅದೇ ಕಾಯಿದೆ ಹಣದ ಪಣವಿಲ್ಲದ ಆಟಗಳನ್ನು ಬೇರೆಯಾಗಿಯೇ ಎಣಿಸಿ ಅವಕ್ಕೆ ಪ್ರೋತ್ಸಾಹದ ಮಾತನ್ನೂ ಹೇಳಿದೆ. ಜೂಜಿನ ಆಟ ಯಾರ ಜೇಬನ್ನು ನೋಡಿ ಕಟ್ಟಿದ್ದು, ‘ಇನ್ನೊಂದೇ ಸಲ’ ಎನ್ನುವ ಆಸೆಯನ್ನು ಅದರೊಳಗೆ ಹೇಗೆ ಹೊಸೆದಿದ್ದಾರೆ ಎಂಬುದು ಆಟ ಕಟ್ಟಬಲ್ಲವನಿಗೆ ಬೇಗ ಹೊಳೆಯುತ್ತದೆ. ಮೋಸದ ತಕ್ಕಡಿಯನ್ನು ಗುರುತಿಸಲು ತಕ್ಕಡಿ ಮಾಡಬಲ್ಲವನಿಗಿಂತ ತಕ್ಕವನುಂಟೆ?

ಎರಡನೆಯ ಆಕ್ಷೇಪ: ವಾರಕ್ಕೊಂದು ಎಂದರೆ ಅವಸರದ ಕೆಲಸವಲ್ಲವೇ? ಅವಸರವೇ ಹೌದು, ಆದರೆ ಅಭ್ಯಾಸದ ಅವಸರ. ವರ್ಷಗಟ್ಟಲೆ ಬಾಳಬೇಕಾದ ದೊಡ್ಡ ಪ್ರೋಗ್ರಾಮನ್ನು ಹೇಗೆ ಕಟ್ಟಬೇಕು, ಹತ್ತು ಜನ ಸೇರಿ ಹೇಗೆ ಬರೆಯಬೇಕು ಎಂಬುದು ವಾರದ ಆಟಗಳಿಂದ ಪೂರ್ತಿಯಾಗಿ ಬರುವುದಿಲ್ಲ. ಗಣಿತವನ್ನೂ ಬೇರೆಯಾಗಿ ಓದಲೇಬೇಕು. ಆದರೆ ಒಂದು ಸಣ್ಣ ಕೆಲಸವನ್ನು ಹಿಡಿದು, ಬೇಡದ್ದನ್ನು ಕೈಬಿಟ್ಟು, ಗಡುವಿನೊಳಗೆ ಮುಗಿಸಿ, ನಾಲ್ಕು ಜನರ ಮುಂದೆ ಇಡುವ ಗುಣ ಬಾರದೆ ದೊಡ್ಡದಕ್ಕೆ ಕೈಹಾಕಿದವರು ನಡುದಾರಿಯಲ್ಲಿ ನಿಲ್ಲುತ್ತಾರೆ. ನೂರು ಎಲೆಯ ಊಟಕ್ಕೆ ಮೊದಲು ಹತ್ತು ಎಲೆಯ ಊಟ ಬಡಿಸಬೇಕು.

ಮೂರನೆಯದು: ಇದರಿಂದ ನೌಕರಿ ಸಿಗುವುದೇ? ಸಿಕ್ಕೇ ಸಿಗುತ್ತದೆಂದು ಆಣೆ ಇಡುವವರನ್ನು ನಂಬಬೇಡಿ. ಆಟ ಮಾಡುವ ಕಂಪೆನಿಗಳು ಎಲ್ಲರನ್ನೂ ತೆಗೆದುಕೊಳ್ಳುವುದಿಲ್ಲ. ಆದರೆ ಹನ್ನೆರಡು ವಾರ ಹನ್ನೆರಡು ಆಟ ಮುಗಿಸಿದವನ ಕೈಯಲ್ಲಿ ತೋರಿಸಲು ಹನ್ನೆರಡು ಕೆಲಸಗಳಿರುತ್ತವೆ. ತರ್ಕ, ಲೆಕ್ಕ, ತಾಳ್ಮೆ ಯಾವ ಪ್ರೋಗ್ರಾಮಿಂಗ್ ಕೆಲಸಕ್ಕೂ ಒದಗುತ್ತವೆ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನೂ, ಅವುಗಳ ನೆಲದ ಮೇಲೆ ಮಾಲುಗಳೂ ಕಚೇರಿಗಳೂ ಎದ್ದದ್ದನ್ನೂ ನಾವು ಕಂಡಿದ್ದೇವೆ. ಒಂದೇ ಯಂತ್ರಕ್ಕೆ ಕಟ್ಟಿಬಿದ್ದ ಕೈ ಆ ಯಂತ್ರದೊಡನೆಯೇ ಬೀದಿಗೆ ಬಿದ್ದಿತು. ಹೊಸದನ್ನು ವಾರದೊಳಗೆ ಕಲಿತು ಮಾಡಬಲ್ಲೆನೆಂಬ ಧೈರ್ಯ ಅಷ್ಟು ಸುಲಭವಾಗಿ ಬೀದಿಗೆ ಬೀಳುವುದಿಲ್ಲ.

ಆದುದರಿಂದ ನಮ್ಮ ಸಂಘಗಳು ಏನು ಮಾಡಬೇಕು? ಹಗಲೆಲ್ಲ ದುಡಿದ ಹೋಟೆಲ್ ಹುಡುಗರಿಗೆ ಅಕ್ಷರ ಕಲಿಸಿದ್ದು ಫೋರ್ಟ್ ಮೊದಲಾದ ಕಡೆಯ ನಮ್ಮ ಕನ್ನಡ ರಾತ್ರಿಶಾಲೆಗಳು. ಆ ಶಾಲೆಗಳಲ್ಲಿ ಓದಿ ವಕೀಲರಾದವರು, ಅಧ್ಯಾಪಕರಾದವರು, ಸ್ವಂತ ಹೋಟೆಲ್ ಇಟ್ಟವರು ಉಂಟು. ಆ ಕಾಲದ ಅಗತ್ಯವನ್ನು ನಮ್ಮ ಹಿರಿಯರು ಸರಕಾರದ ದಾರಿ ಕಾಯದೆ ಪೂರೈಸಿದರು. ಈ ಕಾಲದ ಅಗತ್ಯವನ್ನು ನಾವು ಪೂರೈಸಬಾರದೆ? ಪೂಜೆಗೂ ವಾರ್ಷಿಕ ಸಭೆಗೂ ತೆರೆದು ಉಳಿದ ದಿನ ಬೀಗ ಹಾಕುವ ಸಭಾಗೃಹಗಳು ಎಷ್ಟಿಲ್ಲ? ಅಲ್ಲಿ ಐದಾರು ಹಳೆಯ ಕಂಪ್ಯೂಟರುಗಳನ್ನು ಇಡಿ. ಕಚೇರಿಗಳು ಬದಲಾಯಿಸುವಾಗ ಕೊಡುವವರಿದ್ದಾರೆ, ಕೇಳುವವರು ಬೇಕು. ನಮ್ಮದೇ ಮಕ್ಕಳು ನಗರದ ಕಂಪ್ಯೂಟರ್ ಕಂಪೆನಿಗಳಲ್ಲಿ ದುಡಿಯುತ್ತಿದ್ದಾರೆ; ಅವರಿಂದ ಸನ್ಮಾನದ ದಿನ ಭಾಷಣ ಕೇಳುವ ಬದಲು ವಾರಕ್ಕೆ ಎರಡು ಗಂಟೆಯ ಸಮಯ ಕೇಳಿ.

ಸಮಯವನ್ನು ದುಡಿಯುವವರ ಅನುಕೂಲಕ್ಕೆ ಇಡಬೇಕು. ಹೋಟೆಲಿನವರಿಗೆ ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲಿನ ಬಿಡುವು, ಶಾಲೆಯ ಮಕ್ಕಳಿಗೆ ಸಂಜೆ. ವಾರದ ಮೊದಲಲ್ಲಿ ವಿಷಯ ಕೊಡಬೇಕು. ವಾರದ ಕೊನೆಯಲ್ಲಿ ಎಲ್ಲರೂ ತಮ್ಮ ತಮ್ಮ ಆಟವನ್ನು ಮುಂದಿಡಬೇಕು. ಮಾಡಿದವನು ಬಾಯಿ ಬಿಡದೆ ಪಕ್ಕದಲ್ಲಿ ನಿಂತು, ಬೇರೆಯವರು ಆಡುವುದನ್ನು ನೋಡಬೇಕು; ಅವರು ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಬೇಕು. ಫೀಸು ಬೇಡ, ಸರ್ಟಿಫಿಕೇಟೂ ಬೇಡ. ಹೆಣ್ಣುಮಕ್ಕಳನ್ನು ಮರೆಯತಕ್ಕದ್ದಲ್ಲ, ಚೆನ್ನೆಮಣೆಯನ್ನು ಇಷ್ಟು ಕಾಲ ಉಳಿಸಿಕೊಂಡು ಬಂದದ್ದು ಬಹುಮಟ್ಟಿಗೆ ಅವರೇ.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಯಾವ ತರಬೇತಿ ಕೇಂದ್ರದ ಮೆಟ್ಟಿಲು ಹತ್ತಿದರೂ ಹಣ ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: “ನನ್ನ ಮಗು ತಿಂಗಳೊಳಗೆ ತಾನೇ ಎಷ್ಟು ಆಟ ಮುಗಿಸುತ್ತದೆ?” ಉತ್ತರ ತಡವರಿಸಿದರೆ ಚಪ್ಪಲಿ ಮೆಟ್ಟಿ ಕೆಳಗಿಳಿಯಿರಿ. ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ಇನ್ನೊಂದು ವಿನಂತಿ. ಈ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಬೀಗದ ಕೈಯನ್ನು ಯುವಕರಿಗೆ ಕೊಡಿ. ಹನ್ನೆರಡು ವಾರ ನಡೆಸಿ ನೋಡೋಣ. ಹುಡುಗರು ಕಟ್ಟಿದ ಆಟಗಳನ್ನು ಅದೇ ಸಭಾಗೃಹದಲ್ಲಿ ಎಲ್ಲರೂ ಕೂಡಿ ಆಡಿ, ಮುಂದುವರಿಸಬೇಕೋ ಬೇಡವೋ ಎಂದು ಆಮೇಲೆ ತೀರ್ಮಾನಿಸೋಣ.