ಮೂಗುದಾರ ಇಲ್ದೆ ಹೋರಿ ಮಾತು ಕೇಳುತ್ತಾ?

ನಮ್ಮ ಶಿರಾ ಕಡೆ ಹಳ್ಳಿಕಾರ್ ಹೋರಿಗೆ ಒಂದೂವರೆ, ಎರಡು ವರ್ಷ ತುಂಬಿತು ಅಂದ್ರೆ ಮೂಗು ಚುಚ್ಚಿಸೋದು ನಡೆದುಕೊಂಡು ಬಂದ ಪದ್ಧತಿ. ಯಾಕೆ ಅಂತ ಕೇಳಿದರೆ ಹಿರಿಯರ ಉತ್ತರ ಒಂದೇ: "ಇಲ್ಲಾಂದ್ರೆ ಹಿಡಿಯಕ್ಕಾಗಲ್ಲ ಕಣಪ್ಪ." ಈ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಬಲವಾದ ಹೋರಿ ನಿಲ್ಲೋದು ಕರುವಾಗಿದ್ದಾಗ ಕಲಿತ ಪಾಠದಿಂದ. ಆ ಪಾಠ ಕಲಿಸಲು ಪುರುಸೊತ್ತಿಲ್ಲದಾಗ ನಾವು ಹಿಡಿಯುವ ಅಡ್ಡದಾರಿ ಮೂಗುದಾರ.

ಕುದುರೆ ಸಾಕುವವರಲ್ಲಿ ಈ ಚರ್ಚೆ ನಮಗಿಂತ ಮುಂದೆ ಹೋಗಿದೆ. ಒಂದೇ ದಿನದಲ್ಲಿ 160 ಕಿಲೋಮೀಟರ್ ಸವಾರಿ ಮಾಡುವ ಪಂದ್ಯಗಳಿವೆ. ಅವುಗಳಲ್ಲಿ ಬಾಯಿಗೆ ಕಬ್ಬಿಣದ ಕಡಿವಾಣ ಹಾಕದೆ, ಮೂಗಿನ ಮೂಳೆ ಮೇಲೆ ಕೂರುವ ಪಟ್ಟಿಯಿಂದಲೇ ಕುದುರೆ ನಡೆಸುವವರಿದ್ದಾರೆ. ನಿಯಮದಲ್ಲೂ ಅವಕಾಶ ಇದೆ. ದಾರಿಯಲ್ಲಿ ನೀರು ಕುಡಿಯಕ್ಕೆ, ನಾಲ್ಕು ಬಾಯಿ ಹುಲ್ಲು ತಿನ್ನಕ್ಕೆ ಕುದುರೆಗೆ ಸಲೀಸು. ಆದರೆ ಕಡಿವಾಣ ತೆಗೆದ ಮಾತ್ರಕ್ಕೆ ಹಿಂಸೆ ಹೋಯ್ತು ಅಂತಲ್ಲ. ಎರಡೂ ಪಕ್ಕ ಉದ್ದನೆ ಲೋಹದ ತೋಳು ಇರುವ ಒಂದು ಬಗೆ ಇದೆ, ಅದು ಸನ್ನೆಕೋಲಿನ ಹಾಗೆ. ಕೈ ಸ್ವಲ್ಪ ಎಳೆದರೂ ಮೂಗಿನ ಮೇಲೆ ಹಲವು ಪಟ್ಟು ಒತ್ತಡ ಬೀಳುತ್ತೆ. ಪಟ್ಟಿ ಮೂಳೆಯಿಂದ ಕೆಳಗೆ ಜಾರಿದರೆ ಉಸಿರಿಗೇ ಕುತ್ತು, ಯಾಕಂದ್ರೆ ಕುದುರೆ ಬಾಯಿಂದ ಉಸಿರಾಡಲ್ಲ.

ನಮ್ಮ ಹೋರಿಗೂ ಇದೇ ಲೆಕ್ಕ. ಮುಖಕ್ಕೆ ಹಾಕುವ ಹಗ್ಗ ಬೆರಳು ದಪ್ಪದ ಹತ್ತಿ ಹಗ್ಗ ಆಗಿರಲಿ. ನೈಲಾನ್ ಬೇಡ, ಚರ್ಮ ಕುಯ್ಯುತ್ತೆ. ಮೂಗಿನ ಮೇಲಿನ ಸುತ್ತು ಕಣ್ಣಿಗೂ ಹೊಳ್ಳೆಗೂ ನಡುವೆ ಗಟ್ಟಿ ಮೂಳೆ ಮೇಲೆ ಕೂರಬೇಕು, ಮೆತ್ತಗಿನ ಜಾಗಕ್ಕೆ ಇಳಿಯಬಾರದು. ಹಿಡಿಯುವ ತುದಿ ಗದ್ದದ ಕೆಳಗಿಂದ ಬರಲಿ. ಎಳೆದಾಗ ಬಿಗಿಯಾಗಬೇಕು, ಬಿಟ್ಟಾಗ ತಾನಾಗಿ ಸಡಿಲ ಆಗಬೇಕು. ಹೋರಿಗೆ ಅರ್ಥ ಆಗೋದು ಆ ಸಡಿಲವೇ. ಒಂದು ಹೆಜ್ಜೆ ಇಟ್ಟ ಕೂಡಲೇ ಕೈ ಬಿಟ್ಟರೆ "ಓ, ಇದನ್ನೇ ಕೇಳ್ತಿದ್ದಾನೆ" ಅಂತ ತಿಳಿಯುತ್ತೆ. ನಮ್ಮವರು ಸೋಲೋದು ಇಲ್ಲೇ. ಎದುರು ನಿಂತು ಜಗ್ಗಿಕೊಂಡೇ ಇರ್ತಾರೆ, ಹೋರಿ ಅದಕ್ಕೆ ಒರಗಿಕೊಂಡು ಹಿಂದಕ್ಕೆ ಎಳೆಯುತ್ತೆ. ಬಲದ ಪಂದ್ಯಕ್ಕಿಳಿದರೆ ಮನುಷ್ಯ ಗೆಲ್ಲಲ್ಲ. ಹೆಗಲ ಪಕ್ಕ ನಿಂತು ತಲೆಯನ್ನು ನಿಮ್ಮ ಕಡೆ ತಿರುಗಿಸಿ. ಕತ್ತು ತಿರುಗಿದ ಹೋರಿಗೆ ಮುಂದಕ್ಕೆ ನುಗ್ಗೋ ಶಕ್ತಿ ಅರ್ಧ ಹೋಗುತ್ತೆ. ರಾತ್ರಿ ಮಾತ್ರ ಈ ಬಿಗಿಯುವ ಹಗ್ಗದಲ್ಲಿ ಕಟ್ಟಬೇಡಿ, ಕೊರಳ ಹಗ್ಗದಲ್ಲಿ ಕಟ್ಟಿ.

ಶುರು ಮಾಡಬೇಕಾದ್ದು ಹಾಲು ಕುಡಿಯುವ ಕರುವಿಂದಲೇ. ದಿನಕ್ಕೆ ಹತ್ತು ನಿಮಿಷ ಸಾಕು. ನಿಲ್ಲಕ್ಕೆ ಒಂದು ಮಾತು, ತಿರುಗಕ್ಕೆ ಒಂದು ಮಾತು, ಮನೆಯವರೆಲ್ಲ ಅದೇ ಮಾತು ಬಳಸಬೇಕು. ಆಮೇಲೆ ಸಣ್ಣ ಕೊರಡು ಎಳೆಸಿ, ಪಳಗಿದ ಹಳೇ ಎತ್ತಿನ ಜೊತೆ ನೊಗಕ್ಕೆ ಕಟ್ಟಿ. ಶೇಂಗಾ ಸಾಲಲ್ಲಿ ಕುಂಟೆ ಹೊಡೆಯುವಾಗ ಬೇಕಾದ್ದು ನೆಟ್ಟಗೆ ನಡೆಯೋದು, ಸಾಲಿನ ಕೊನೆಗೆ ನಿಲ್ಲೋದು. ಅವೆರಡೂ ಮಾತಿಂದ ಬರುತ್ತವೆ. ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಟನ್ ಹತ್ತಿರ ತೂಗುವ ಜೋಡೆತ್ತುಗಳನ್ನು ಮೂಗಿಗೆ ಏನೂ ಹಾಕದೆ, ಮಾತು ಮತ್ತು ಒಂದು ಕೋಲಿನಿಂದಲೇ ನಡೆಸುತ್ತಾರೆ. ನಮ್ಮ ಹಳ್ಳಿಕಾರ್ ಅವಕ್ಕಿಂತ ಚುರುಕು, ಕೋಪವೂ ಜಾಸ್ತಿ ಅನ್ನೋದು ನಿಜ. ಹಂಗಾಗಿ ನಮಗೆ ಇನ್ನೂ ಬೇಗ ಶುರು ಮಾಡಬೇಕು, ಅಷ್ಟೇ.

ಇದನ್ನು ಓದಿ ನಾಳೆ ಬೆಳಿಗ್ಗೆ ಬಾಯಿಗೂಡಿದ ಎತ್ತಿನ ಮೂಗುದಾರ ಕತ್ತರಿಸಬೇಡಿ! ಐದಾರು ವರ್ಷ ಮೂಗಿನ ನೋವಿಗೇ ಬಗ್ಗಿದ ಎತ್ತಿಗೆ ಬೇರೆ ಭಾಷೆ ಗೊತ್ತಿರಲ್ಲ. ಮುಖದ ಹಗ್ಗ ಜೊತೆಗೆ ಹಾಕಿ, ಮೊದಲು ಅದನ್ನು ಬಳಸಿ, ಮೂಗುದಾರ ಸಡಿಲವಾಗಿ ಸುಮ್ಮನೆ ಇರಲಿ. ಓಟದ ಎತ್ತುಗಳ ವಿಷಯ ಬೇರೆ. ಎತ್ತಿನಗಾಡಿ ಓಟಕ್ಕೆ ಅವಕಾಶ ಕೊಡುವ ಕರ್ನಾಟಕದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿದ ಮೇಲೆ ನಮ್ಮ ಹುಡುಗರಲ್ಲಿ ಹುಮ್ಮಸ್ಸು ಹೆಚ್ಚಿದೆ. ಕೂಗಾಟ, ಜನಜಂಗುಳಿ ಇರೋ ಕಡೆ ಬರೀ ಮುಖದ ಹಗ್ಗ ನಂಬಿ ಹೋರಿ ಬಿಡಿ ಅಂತ ನಾನಂತೂ ಹೇಳಲ್ಲ.

ಇನ್ನು ದುಡ್ಡಿನ ಮಾತು. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ ದನಗಳ ಜಾತ್ರೆಗೆ ಹೋರಿ ಹೊಡೆದುಕೊಂಡು ಹೋದರೆ ಕೊಳ್ಳುವವರು ಮೊದಲು ನೋಡೋದು ಹಲ್ಲು, ಸುಳಿ, ಆಮೇಲೆ ಮೂಗು. ಚುಚ್ಚಿಲ್ಲ ಅಂದ್ರೆ "ಏನಪ್ಪ, ಇನ್ನೂ ಪಳಗಿಸಿಲ್ವಾ?" ಅಂತ ಬೆಲೆ ಇಳಿಸ್ತಾರೆ. ಇದಕ್ಕೆ ನನ್ನ ಹತ್ತಿರ ಒಂದೇ ಉಪಾಯ: ಅಲ್ಲೇ ಅವರ ಕೈಗೆ ಹಗ್ಗ ಕೊಟ್ಟು ನಡೆಸಿ ತೋರಿಸೋದು. ಎಲ್ಲರೂ ಒಪ್ಪಲ್ಲ. ಮಾರಕ್ಕೆ ಅಂತಲೇ ಸಾಕುವವರು ಚುಚ್ಚಿಸಿದರೆ ನಾನು ಬೈಯಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ನಿಗದಿತ ರೀತಿಯಲ್ಲಿ ಮೂಗುದಾರ ಹಾಕೋದನ್ನು ಅಪರಾಧ ಅನ್ನಲ್ಲ. ಆದರೆ ಕಾಯಿಸಿದ ಕಬ್ಬಿಣ, ಗೋಣಿ ದಬ್ಬಳ ಬೇಡ. ಪಶುವೈದ್ಯರ ಹತ್ತಿರ ಮರಗಟ್ಟಿಸಿ ಚುಚ್ಚಿಸಿ, ಮಳೆಗಾಲ ಬಿಟ್ಟು ನೊಣ ಕಡಿಮೆ ಇರುವ ಚಳಿಗಾಲದಲ್ಲಿ ಮಾಡಿಸಿ. ಗಾಯ ಪೂರ್ತಿ ಮಾಗುವ ತನಕ ಆ ಹಗ್ಗ ಹಿಡಿದು ಎಳೆಯಬೇಡಿ.