ಕಾಲಿಗೆ ಬೀಳುವ ಮೊದಲು ಕೈ ಹಿಡಿದು ನೋಡಿ

ಮೂರೇ ತಿಂಗಳಲ್ಲಿ ನನ್ನ ಸೊಂಟಕ್ಕೆ ಎರಡು ಬೆಲ್ಟ್ ಬಂದವು. ಮೊದಲು ಹಳದಿ, ಆಮೇಲೆ ಕಿತ್ತಳೆ. ಪ್ರತಿ ಬೆಲ್ಟಿಗೂ ಪರೀಕ್ಷಾ ಶುಲ್ಕ ಕಟ್ಟಿದ್ದೆ, ಪ್ರಮಾಣಪತ್ರಗಳನ್ನು ಹಾಸ್ಟೆಲ್ ಕೋಣೆಯ ಗೋಡೆಗೆ ಅಂಟಿಸಿದ್ದೆ. ಒಂದು ರಾತ್ರಿ ಊಟ ಮುಗಿಸಿ ಬಂದು ರೂಮ್‌ಮೇಟ್‌ಗೆ, "ನನ್ನ ಕೈ ಗಟ್ಟಿಯಾಗಿ ಹಿಡ್ಕೊಳೇ, ಹೇಗೆ ಬಿಡಿಸ್ಕೋತೀನಿ ನೋಡು" ಅಂದೆ. ಅವಳು ಶಾಸನಗಳ ಮೇಲೆ ಸಂಶೋಧನೆ ಮಾಡುವವಳು, ಜೀವನದಲ್ಲಿ ಯಾರ ಜೊತೆಗೂ ಕೈ ಮಿಲಾಯಿಸಿದವಳಲ್ಲ. ಹಿಡಿದಳು. ನಾನು ಕಲಿತ ಪಟ್ಟನ್ನು ಕಲಿತ ಹಾಗೆಯೇ ಹಾಕಿದೆ. ಕೈ ಬಿಡಲಿಲ್ಲ. ಇನ್ನೊಮ್ಮೆ ಹಾಕಿದೆ, ಮತ್ತೊಮ್ಮೆ ಹಾಕಿದೆ. ಮಣಿಕಟ್ಟು ಕೆಂಪಾದದ್ದು ನೋಡಿ ಕೊನೆಗೆ ಅವಳೇ ಪಾಪ ಅನ್ನಿಸಿ ಬಿಟ್ಟಳು.

ಮರುದಿನ ತರಗತಿಯಲ್ಲಿ ಮಾಸ್ಟರನ್ನು ಕೇಳಿದೆ: "ಸರ್, ಎದುರಿನವರು ನಿಜವಾಗಿ ಗಟ್ಟಿ ಹಿಡಿದರೆ ಇದು ಆಗ್ತಿಲ್ಲವಲ್ಲ?" ಅವರು ನಕ್ಕರು. "ನಿನಗಿನ್ನೂ ಶ್ರದ್ಧೆ ಬಂದಿಲ್ಲಮ್ಮ. ಗುರುವಿನ ಮೇಲೆ ಸಂಶಯ ಇಟ್ಕೊಂಡೋರಿಗೆ ಯಾವ ವಿದ್ಯೆನೂ ಹತ್ತಲ್ಲ." ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ನಾನೂ ಬಗ್ಗಿ ಕಾಲು ಮುಟ್ಟಿ ಸಾಲಿಗೆ ಹೋಗಿ ನಿಂತೆ.

ಇವತ್ತಿಗೂ ನನಗೆ ನಾಚಿಕೆ ತರುವುದು ಆ ಬಗ್ಗುವಿಕೆ. ಹಗಲೆಲ್ಲ ಗ್ರಂಥಾಲಯದಲ್ಲಿ ಕೂತು, ಆಧಾರವಿಲ್ಲದ ಒಂದು ವಾಕ್ಯ ಕಂಡರೂ ಕೆಂಪು ಗೆರೆ ಎಳೆಯುವವಳು ನಾನು. ಸಂಜೆ ಆರಕ್ಕೆ ಬಿಳಿ ಬಟ್ಟೆ ತೊಟ್ಟ ಕೂಡಲೇ ಆ ಬುದ್ಧಿಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟದ್ದು ಯಾಕೆ?

ದೊಡ್ಡವರಾದ ಮೇಲೆ ಸಮರಕಲೆ ಕಲಿಯಲು ಹೊರಟವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ಕರಾಟೆಯೋ, ಜೂಡೋವೋ, ಟೇಕ್ವಾಂಡೋವೋ, ಕಳರಿಯೋ? ಯಾವುದು ಶ್ರೇಷ್ಠ, ಯಾವುದು ಹಳೆಯದು? ನನ್ನ ವಾದ ಇಷ್ಟೇ. ಇದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಇಲ್ಲಿ ಎದುರಿಗೆ ನಿಂತವರು ನಿಜವಾಗಿ ಎದುರಿಸುತ್ತಾರೆಯೇ, ಕಲಿಸುವವರನ್ನು ಪ್ರಶ್ನಿಸಬಹುದೇ ಎಂಬುದು. ಈ ಎರಡಕ್ಕೂ ಉತ್ತರ 'ಇಲ್ಲ' ಎಂದಾದರೆ ಆ ಕಲೆಗೆ ಎರಡು ಸಾವಿರ ವರ್ಷದ ಇತಿಹಾಸವಿದ್ದರೂ ನಿಮಗೆ ಉಪಯೋಗವಿಲ್ಲ.

ಆ ಇತಿಹಾಸವಾದರೂ ಎಷ್ಟು ಗಟ್ಟಿ? ಕಂಚಿಯಿಂದ ಹೋದ ಬೋಧಿಧರ್ಮ ಶಾವೊಲಿನ್ ಮಠದವರಿಗೆ ಕಾದಾಟ ಕಲಿಸಿದ ಎಂಬ ಕಥೆಯನ್ನು 2011ರ ತಮಿಳು ಸಿನಿಮಾ '7ಆಮ್ ಅರಿವು' ನಮ್ಮಲ್ಲೂ ಮನೆಮಾತಾಗಿಸಿತು. ಇದಕ್ಕೆ ಆಧಾರವಾಗಿ ತೋರಿಸುವ 'ಯಿಜಿನ್ ಜಿಂಗ್' ಎಂಬ ಪಠ್ಯ 17ನೆಯ ಶತಮಾನದ್ದು. ಬೋಧಿಧರ್ಮನ ಕಾಲಕ್ಕೂ ಅದಕ್ಕೂ ಸಾವಿರ ವರ್ಷದ ಅಂತರ. ಚೀನಾದ ಇತಿಹಾಸಕಾರ ಟಾಂಗ್ ಹಾವೊ ಕಳೆದ ಶತಮಾನದಲ್ಲೇ ಈ ಕಥೆಯ ಬುಡ ಅಲ್ಲಾಡಿಸಿದ್ದರು. 'ಟೇಕ್ವಾಂಡೋ' ಎಂಬ ಹೆಸರು ಹುಟ್ಟಿದ್ದು 1955ರಲ್ಲಿ. ಇನ್ನು ನಾವು ಪೂಜೆಗಿಡುವ ಬೆಲ್ಟು? ದರ್ಜೆ ತೋರಿಸಲು ಕಪ್ಪು ಪಟ್ಟಿ ಕಟ್ಟುವ ಪದ್ಧತಿ 1880ರ ದಶಕದ ಜೂಡೋದಲ್ಲಿ ಶುರುವಾಯಿತು. ಕರಾಟೆಯ ಫುನಾಕೋಶಿ ಅದನ್ನು ಎರವಲು ಪಡೆದು ತಮ್ಮ ಶಿಷ್ಯರಿಗೆ ಮೊದಲ ಬಾರಿ ದರ್ಜೆ ಕೊಟ್ಟದ್ದು 1924ರಲ್ಲಿ. ಹಳದಿ, ಕಿತ್ತಳೆ, ಹಸಿರಿನ ಸಾಲು 20ನೆಯ ಶತಮಾನದಲ್ಲಿ ಯುರೋಪಿನ ಜೂಡೋ ಶಾಲೆಗಳಿಂದ ಹಬ್ಬಿತು. ಹೊಸದು ಎಂಬುದು ತಪ್ಪಲ್ಲ. ಹೊಸದನ್ನು ಸನಾತನ ಎಂದು ಹೇಳಿ ಪ್ರಶ್ನೆಯ ಬಾಯಿ ಮುಚ್ಚಿಸುವುದು ತಪ್ಪು.

ನನ್ನ ಮಾಸ್ಟರಿಗೆ ಇನ್ನೊಂದು ಮಾತು ಬಹಳ ಪ್ರಿಯವಾಗಿತ್ತು: "ನಮ್ಮ ಪಟ್ಟುಗಳು ಪ್ರಾಣ ತೆಗೆಯುವಂಥವು. ಅದಕ್ಕೇ ನಾವು ಸ್ಪರ್ಧೆ ಆಡಲ್ಲ." ಕೇಳಲು ಭಯಂಕರವಾಗಿರುವ ಈ ಮಾತಿಗೆ 1882ರಲ್ಲೇ ಉತ್ತರ ಸಿಕ್ಕಿದೆ. ಆ ವರ್ಷ ಟೋಕಿಯೋದಲ್ಲಿ ಕೊಡೋಕಾನ್ ಶಾಲೆ ತೆರೆದ ಕಾನೋ ಜಿಗೊರೊಗೆ ಆಗ 21 ವರ್ಷ. ಹಳೆಯ ಜುಜುತ್ಸುವಿನ ಎರಡು ಪರಂಪರೆಗಳನ್ನು ಕಲಿತಿದ್ದ ಆತ, ಕೈಕಾಲು ಮುರಿಯುವಂಥ ಪಟ್ಟುಗಳನ್ನು ಕ್ರಮಬದ್ಧ ಅಭ್ಯಾಸಕ್ಕೆ ಸೀಮಿತಗೊಳಿಸಿ, ಉಳಿದವನ್ನು ಪೂರ್ತಿ ಬಲ ಹಾಕಿ ಒಬ್ಬರ ಮೇಲೊಬ್ಬರು ಪ್ರಯೋಗಿಸುವ 'ರಾಂದೋರಿ'ಯನ್ನು ತರಬೇತಿಯ ನಡುಮನೆಗೆ ತಂದ. ಲೆಕ್ಕ ಸರಳ. ಕಣ್ಣಿಗೆ ಬೆರಳು ತಿವಿಯುವುದನ್ನು ಗೆಳೆಯನ ಮೇಲೆ ನೂರು ಸಲ ಅಭ್ಯಾಸ ಮಾಡಲಾಗದು. ಗಾಳಿಗೆ ತಿವಿಯಬಹುದು ಅಷ್ಟೆ. ಬೀಳದಿರಲು ಜೀವ ಬಿಟ್ಟು ಹೆಣಗುತ್ತಿರುವ ಗೆಳೆಯನನ್ನು ಎತ್ತಿ ಹಾಕುವುದನ್ನು ಸಾವಿರ ಸಲ ಮಾಡಬಹುದು. ಕೊನೆಗೆ ಮೈಗೆ ಹತ್ತುವುದು ಈ ಎರಡನೆಯದು.

ಇದಕ್ಕೆ ಜಪಾನಿನವರೆಗೆ ಹೋಗಬೇಕಾಗಿಯೂ ಇಲ್ಲ. ನಾನಿರುವ ಮೈಸೂರಿನ ಗರಡಿಮನೆಗಳಿಗೆ ಇದು ಗೊತ್ತಿದ್ದ ಸಂಗತಿ. ಕೆಮ್ಮಣ್ಣಿನ ಮಟ್ಟಿಯಲ್ಲಿ ಹೊರಳಾಡದೆ ಯಾರೂ ಪೈಲ್ವಾನರಾಗುವುದಿಲ್ಲ. ದಸರಾ ಕುಸ್ತಿಗೆ ಮುನ್ನ ನಡೆಯುವ 'ಜೋಡಿ ಕಟ್ಟುವ' ಕೆಲಸವನ್ನೇ ನೋಡಿ: ಸರಿಸಮಾನರನ್ನು ಹುಡುಕಿ ಎದುರುಬದುರು ನಿಲ್ಲಿಸುತ್ತಾರೆ. ಯಾರ ಉಸ್ತಾದ್ ದೊಡ್ಡವರು ಎಂಬ ಜಂಬಕ್ಕೆ ಮಟ್ಟಿಯಲ್ಲಿ ಬೆಲೆಯಿಲ್ಲ; ಬೆನ್ನಿಗೆ ಮಣ್ಣು ಹತ್ತಿದವನು ಸೋತ. ಇಷ್ಟು ಪ್ರಾಮಾಣಿಕವಾದ ಶಾಲೆ ನಮ್ಮ ಬೀದಿಯಲ್ಲೇ ಇದೆ. ಆದರೆ ಹೆಣ್ಣು ಎಂಬ ಕಾರಣಕ್ಕೆ ಅದರ ಹೊಸ್ತಿಲು ದಾಟಲು ನನಗಾಗಲಿಲ್ಲ. ಪ್ರಶ್ನೆಗೆ ತೆರೆದುಕೊಂಡ ಮಟ್ಟಿಯೂ ತನ್ನ ಬಾಗಿಲಿನ ಬಗ್ಗೆ ಪ್ರಶ್ನೆ ಕೇಳಿಸಿಕೊಳ್ಳುವುದಿಲ್ಲ ಎಂಬುದನ್ನು ಹೇಳದೆ ಗರಡಿಯನ್ನು ಹೊಗಳಿದರೆ ನಾನೂ ಭಕ್ತರ ಸಾಲಿಗೇ ಸೇರುತ್ತೇನೆ.

ಗುರುವನ್ನು ಪ್ರಶ್ನಿಸುವ ಮಾತೆತ್ತಿದರೆ ನಮ್ಮವರಿಗೆ ಕಸಿವಿಸಿ. ಗುರುವಿನ ಗುಲಾಮಗಿರಿಯೇ ಮುಕ್ತಿಯ ದಾರಿ ಎಂದು ಭಜನೆ ಮಾಡಿ ಬೆಳೆದವರು ನಾವು. ಏಕಲವ್ಯನ ಕಥೆಯನ್ನೂ ಮಕ್ಕಳಿಗೆ ಗುರುಭಕ್ತಿಯ ಪಾಠವಾಗಿಯೇ ಹೇಳುತ್ತೇವೆ. ಕಲಿಸದೆ ಹೆಬ್ಬೆರಳು ಕೇಳಿದವನ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬರುವುದಿಲ್ಲ. ಆದರೆ ಇದೇ ನಾಡಿನ ಶೂನ್ಯಸಂಪಾದನೆಯಲ್ಲಿ ಅಲ್ಲಮ ತುಂಬಿದ ಸಭೆಯಲ್ಲಿ ಅಕ್ಕನನ್ನು ಕೆಣಕಿ ಕೆಣಕಿ ಕೇಳುತ್ತಾನೆ, ಅಕ್ಕ ಎದುರು ನಿಂತು ಉತ್ತರಿಸುತ್ತಾಳೆ. ಅಲ್ಲಿ ಯಾರ ಗೌರವಕ್ಕೂ ಕುಂದು ಬರಲಿಲ್ಲ.

ಇದು ಬರೀ ಶುಲ್ಕ ದಂಡವಾಗುವ ವಿಷಯವೂ ಅಲ್ಲ. ನಮ್ಮ ಮೈಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವ ಕಲಿಕೆ ಇದು. 2023ರಲ್ಲಿ ಒಲಿಂಪಿಕ್ ಪದಕ ಗೆದ್ದ ಸಾಕ್ಷಿ ಮಲಿಕ್, ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ವಿನೇಶ್ ಫೋಗಟ್ ಜಂತರ್ ಮಂತರ್‌ನ ಬೀದಿಯಲ್ಲಿ ಕುಳಿತರು. ಕುಸ್ತಿ ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿದರು. ಆರೋಪದ ತೀರ್ಪು ನ್ಯಾಯಾಲಯದ ಕೆಲಸ. ನಾನು ಗಮನಿಸಿದ್ದು ಬೇರೆ: ಯಾರನ್ನು ಬೇಕಾದರೂ ಎತ್ತಿ ಕೆಡವಬಲ್ಲ ಹೆಂಗಸರಿಗೂ ತಮ್ಮ ಕ್ಷೇತ್ರದ ಹಿರಿಯರ ವಿರುದ್ಧ ಒಂದು ಮಾತು ಕೇಳಿಸಲು ಬೀದಿಗೆ ಬರಬೇಕಾಯಿತು. ಹಾಗಿದ್ದಾಗ "ಆತ್ಮರಕ್ಷಣೆ" ಎಂದು ಬೋರ್ಡು ಹಾಕಿಕೊಂಡು, ಒಳಗೆ "ಎದುರಾಡಬೇಡ" ಎಂದು ಕಲಿಸುವ ಜಾಗ ಯಾವ ರಕ್ಷಣೆ ಕಲಿಸೀತು? ಬೇಡ ಅನ್ನಲು ಕಲಿಸದ ತರಗತಿಯಲ್ಲಿ ಒದೆಯಲು ಕಲಿತು ಏನು ಬಂತು?

ದೊಡ್ಡವರು ಈ ಬಲೆಗೆ ಸುಲಭವಾಗಿ ಬೀಳುವುದಕ್ಕೂ ಕಾರಣವಿದೆ. ಮಕ್ಕಳ ಹಿಂದೆ ಅಪ್ಪ ಅಮ್ಮ ಇರುತ್ತಾರೆ, ವಿಚಾರಿಸುತ್ತಾರೆ. ನಾವು ಒಬ್ಬರೇ ಹೋಗುತ್ತೇವೆ. ಹತ್ತು ವರ್ಷದ ಹುಡುಗರು ಸಲೀಸಾಗಿ ಹಾಕುವ ಲಾಗ ನಮಗೆ ಬರುವುದಿಲ್ಲ. ತಡವಾಗಿ ಬಂದೆವಲ್ಲ ಎಂಬ ಆ ಸಂಕೋಚಕ್ಕೆ ಪರಿಹಾರವಾಗಿ ವಿಧೇಯತೆ ಸಲ್ಲಿಸುತ್ತೇವೆ. ನನ್ನ ಬಗ್ಗುವಿಕೆಯ ಕಾರಣವೂ ಇದೇ ಇರಬೇಕು.

ಆದ್ದರಿಂದ ದುಡ್ಡು ಕಟ್ಟುವ ಮೊದಲು ಒಂದು ಇಡೀ ತರಗತಿ ಕೂತು ನೋಡಿ. ನೋಡಲು ಬಿಡದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ನೋಡುವಾಗ ಮಾಸ್ಟರ್ ಮೇಲೆ ಕಣ್ಣಿಡಬೇಡಿ. ಆರು ತಿಂಗಳ ಹಿಂದೆ ಸೇರಿದವರ ಮೇಲೆ ಇಡಿ. ಅವರಿಗೆ ಏನು ಬರುತ್ತದೆಯೋ ನಿಮಗೂ ಅಷ್ಟೇ ಬರುವುದು. ಪಟ್ಟಿನಲ್ಲಿ ಸಿಕ್ಕವರು ಕೈ ತಟ್ಟಿ ಸಾಕೆಂದ ಕೂಡಲೇ ಬಿಡುತ್ತಾರೋ ಇಲ್ಲವೋ ನೋಡಿ. ಹೆಂಗಸರು ಬಂದು ಉಳಿದಿದ್ದಾರೋ, ಬಂದು ಹೋಗಿದ್ದಾರೋ ವಿಚಾರಿಸಿ. ವರ್ಷದ ಶುಲ್ಕ ಮುಂಗಡ ಕೇಳುವವರಿಗಿಂತ ತಿಂಗಳಿಗೆ ತೆಗೆದುಕೊಳ್ಳುವವರು ವಾಸಿ. ಕೊನೆಗೆ ಕಲೆಯ ಪ್ರಶ್ನೆ: ಈ ಪರೀಕ್ಷೆಗಳಲ್ಲಿ ಪಾಸಾದ ಜಾಗಗಳಲ್ಲಿ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗಿ ಬರಬಹುದಾದದ್ದು ಯಾವುದೋ ಅದೇ ನಿಮಗೆ ಶ್ರೇಷ್ಠ.

ಎಲ್ಲರೂ ಕಾದಾಡಲೆಂದೇ ಬರುವುದಿಲ್ಲವಲ್ಲ ಎನ್ನಬಹುದು. ನಿಜ. ಮೈ ಹಗುರಾಗಲಿ ಎಂದು, ರಂಗಭೂಮಿಗೆ ಬೇಕೆಂದು ಕಳರಿ ಕಲಿಯುವ ಗೆಳೆಯರು ನನಗಿದ್ದಾರೆ. ಅವರ ಆಶಾನ್ ಮೊದಲ ದಿನವೇ ಅದನ್ನು ಬಿಚ್ಚಿ ಹೇಳಿದ್ದಾರೆ. ವ್ಯಾಯಾಮವನ್ನು ವ್ಯಾಯಾಮ ಎಂದು ಮಾರಿದರೆ ತಕರಾರಿಲ್ಲ. ಅದನ್ನು ರಕ್ಷಣೆ ಎಂದು ಮಾರಿದರೆ ಕೊಂಡವರು ಒಂದು ದಿನ ಕತ್ತಲ ರಸ್ತೆಯಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.

ಈಗ ನಾನು ಜೂಡೋ ಕಲಿಯುತ್ತಿದ್ದೇನೆ. ಮೊದಲ ತಿಂಗಳು ಬರೀ ಬೀಳುವುದನ್ನೇ ಕಲಿಸಿದರು. ಒಂದು ದಿನ ಕೋಚ್ ಅಕ್ಕನನ್ನು, "ನನಗಿಂತ ಇಪ್ಪತ್ತು ಕಿಲೋ ಜಾಸ್ತಿ ಇರೋರ ಮೇಲೆ ಇದು ನಡೆಯುತ್ತಾ?" ಎಂದು ಕೇಳಿದೆ. ಅವರು ಸುತ್ತ ಒಮ್ಮೆ ನೋಡಿ ದಪ್ಪಗಿನ ಹುಡುಗನೊಬ್ಬನನ್ನು ಕರೆದರು. "ಗೊತ್ತಿಲ್ಲ ಕಣೇ, ಬಾ ನೋಡೋಣ" ಅಂದರು. ನಡೆಯಲಿಲ್ಲ. ಯಾಕೆ ನಡೆಯಲಿಲ್ಲ ಎಂಬುದರ ಮೇಲೆಯೇ ಅವತ್ತಿನ ಉಳಿದ ತರಗತಿ ನಡೆಯಿತು.

ಮೊನ್ನೆ ರೂಮ್‌ಮೇಟ್ ಮತ್ತೆ ಕೈ ಹಿಡಿದಳು. ಹತ್ತರಲ್ಲಿ ನಾಲ್ಕು ಸಲ ಬಿಡಿಸಿಕೊಂಡೆ. ಆರು ಸಲ ಆಗಲಿಲ್ಲ ಎಂಬುದೂ ನನಗೆ ಈಗ ಗೊತ್ತು.